ಸಿಗರೇಟಿನ ಸುಂಕ: ಶಿಕ್ಷೆಯೋ, ರಕ್ಷೆಯೋ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಗಾಡಿಯಲ್ಲಿ ಏನಿದೆ, ಎಷ್ಟಿದೆ ಎಂಬುದಷ್ಟೇ ಅವನಿಗೆ ಬೇಕು. ಗಾಡಿಯವನ ಮನೆಯಲ್ಲಿ ಏನಾಗಿದೆ ಎಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದು ಸರಕಿನ ವಿಷಯದಲ್ಲಿ ಮಾತ್ರ ಸುಂಕದವನೇ ಮುಂದೆ ಬಂದು, "ನಿನ್ನ ಒಳ್ಳೆಯದಕ್ಕಾಗಿಯೇ ಇಷ್ಟು ವಸೂಲು ಮಾಡುತ್ತಿದ್ದೇನಪ್ಪ" ಎನ್ನುತ್ತಾನೆ. ಆ ಸರಕೇ ಸಿಗರೇಟು.

2026ರ ಫೆಬ್ರವರಿ 1ರಿಂದ ಸಿಗರೇಟಿನ ತೆರಿಗೆಯ ವ್ಯವಸ್ಥೆ ಬದಲಾಗಿದೆ. ಮೊದಲಿದ್ದ ಪರಿಹಾರ ಸೆಸ್ ಹೋಗಿ, ಉದ್ದವನ್ನು ಅನುಸರಿಸಿ ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿಯವರೆಗೆ ಕೇಂದ್ರ ಅಬಕಾರಿ ಸುಂಕ ಬಂದಿದೆ, ಜಿ.ಎಸ್.ಟಿ. ಶೇಕಡಾ 28ರಿಂದ 40ಕ್ಕೆ ಏರಿದೆ. ಅಂದರೆ ಒಂದೊಂದು ಸಿಗರೇಟಿಗೆ ಅಬಕಾರಿ ಸುಂಕವೇ 2 ರೂಪಾಯಿ 5 ಪೈಸೆಯಿಂದ 8 ರೂಪಾಯಿ 50 ಪೈಸೆ. ಸೇದುವವರು ಇದನ್ನು ಹಗಲುದರೋಡೆ ಎಂದರು. ಸೇದದವರು "ಇನ್ನೂ ಹಾಕಬೇಕು" ಎಂದು ಚಪ್ಪಾಳೆ ತಟ್ಟಿದರು. ತನ್ನ ಜೇಬಿಗೆ ತಗಲದ ತೆರಿಗೆಯನ್ನು ಹೊಗಳುವುದು ಸುಲಭ. ತಗಲಿದ ತೆರಿಗೆಯನ್ನು ಬೈಯುವುದು ಅದಕ್ಕಿಂತ ಸುಲಭ. ಇವೆರಡನ್ನೂ ಬದಿಗಿಟ್ಟು ಕೇಳಬೇಕಾದ ಪ್ರಶ್ನೆಯೊಂದಿದೆ. ಕೆಟ್ಟದ್ದು ಎಂದು ತಾನೇ ಸಾರುವ ಚಟದಿಂದ ಸರಕಾರ ಆದಾಯ ಪಡೆಯುವುದು ಧರ್ಮವೇ? ಧರ್ಮವಾದರೆ ಯಾವ ನಿಬಂಧನೆಯ ಮೇಲೆ?

ಪ್ರಶ್ನೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಮದ್ಯದ ವ್ಯಾಪಾರವನ್ನು ಹತೋಟಿಯಲ್ಲಿಡುವುದೂ ಅದರಿಂದ ರಾಜನ ಬೊಕ್ಕಸ ತುಂಬಿಸುವುದೂ ಅವನದೇ ಹೊಣೆ. ಇನ್ನು ಹೊಗೆಸೊಪ್ಪು ಪೋರ್ಚುಗೀಸರ ಜೊತೆ ದಖ್ಖನಿಗೆ ಬಂತು. ಅಲ್ಲಿಂದ ಅಕ್ಬರನ ಆಸ್ಥಾನಕ್ಕೆ ಅದನ್ನು ಕೊಂಡೊಯ್ದವನು ಅಸದ್ ಬೇಗ್ ಎಂಬ ರಾಯಭಾರಿ. ಎಲ್ಲಿಂದ ಗೊತ್ತೆ? ನಮ್ಮ ವಿಜಾಪುರದಿಂದ! 1604ರ ಸುಮಾರಿನಲ್ಲಿ ಅವನು ಹುಕ್ಕಾ ಮುಂದಿಟ್ಟಾಗ ಬಾದಶಹನು ಕೆಲವು ಗುಕ್ಕು ಎಳೆದನು. ಆಸ್ಥಾನದ ವೈದ್ಯನು ಬೇಡವೆಂದು ತಡೆದನು. ಬಾದಶಹ ಬಿಟ್ಟರೂ ಅಮೀರರು ಬಿಡಲಿಲ್ಲ. ಅಕ್ಬರನ ಮಗ ಜಹಾಂಗೀರನು 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿ ಅಪ್ಪಣೆ ಹೊರಡಿಸಿದನು. ಅಪ್ಪಣೆ ಕಾಗದದಲ್ಲಿ ಉಳಿಯಿತು, ಹೊಗೆ ಊರೂರಿಗೆ ಹರಡಿತು.

ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸ್ ಹೊಗೆಸೊಪ್ಪನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದನು. ಬರೆದು ಸುಮ್ಮನಾಗದೆ, ಪೌಂಡಿಗೆ 2 ಪೆನ್ಸ್ ಇದ್ದ ಸುಂಕವನ್ನು 6 ಷಿಲಿಂಗ್ 10 ಪೆನ್ಸಿಗೆ ಏರಿಸಿದನು. ಷಿಲಿಂಗಿಗೆ ಹನ್ನೆರಡು ಪೆನ್ಸಿನಂತೆ ಲೆಕ್ಕ ಹಾಕಿ ನೋಡಿ, ಒಂದೇ ಏಟಿಗೆ ನಲವತ್ತೊಂದು ಪಟ್ಟು! ಆದರೆ ಕೆಲವೇ ವರ್ಷಗಳಲ್ಲಿ ಅದೇ ದೊರೆ ಸುಂಕ ಇಳಿಸಿ, ವ್ಯಾಪಾರ ಬೆಳೆಯಗೊಟ್ಟು, ಅದರ ಆದಾಯದ ರುಚಿ ಕಂಡನು. ಬೈಯುತ್ತ ಬೈಯುತ್ತಲೇ ಉಣ್ಣುವ ಈ ಪದ್ಧತಿಗೆ ನಾಲ್ಕುನೂರು ವರ್ಷಗಳ ಇತಿಹಾಸವಿದೆ ಎಂದಾಯಿತು.

ವಿಚಾರವಂತರು ಈ ಬಗ್ಗೆ ಏನು ಹೇಳಿದ್ದಾರೆ? ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ದಾರ್ಶನಿಕನು 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಮಾದಕ ಪದಾರ್ಥಗಳ ತೆರಿಗೆಯನ್ನು ಚರ್ಚಿಸಿದ್ದಾನೆ. ಒಂದು ವಸ್ತು ಜನರ ಕೈಗೆ ಸಿಗಬಾರದು ಎಂಬ ಒಂದೇ ಉದ್ದೇಶದಿಂದ ಅದರ ಮೇಲೆ ತೆರಿಗೆ ಹಾಕಿದರೆ ಅದು ನಿಷೇಧದ ತಮ್ಮನೇ. ಬೆಲೆ ಕೊಡಲಾರದವನ ಪಾಲಿಗೆ ಅದು ನಿಷೇಧವೇ ಆಗುತ್ತದೆ. ಆದರೆ ರಾಜ್ಯ ನಡೆಯಲು ತೆರಿಗೆ ಬೇಕೇ ಬೇಕಲ್ಲ? ಯಾವುದಾದರೊಂದು ವಸ್ತುವಿನ ಮೇಲೆ ಹಾಕಲೇಬೇಕಾದಾಗ, ಇಲ್ಲದಿದ್ದರೂ ನಡೆಯುವಂಥದ್ದನ್ನು, ಅತಿಯಾದರೆ ಹಾನಿ ಮಾಡುವಂಥದ್ದನ್ನು ಆರಿಸಿಕೊಳ್ಳುವುದೇ ನ್ಯಾಯ. ಇದು ಅವನ ವಾದದ ಸಾರ. ಅಕ್ಕಿಗೆ ಹಾಕುವ ಬದಲು ಸಿಗರೇಟಿಗೆ ಹಾಕು ಎಂದರೆ ನಮ್ಮ ಮನೆಯ ಅಜ್ಜಿಯೂ ಒಪ್ಪುವಳು.

ಇದಕ್ಕೆ ಸೇದುವವರ ಆಕ್ಷೇಪಣೆ ಹೀಗೆ: "ನಾನು ವಯಸ್ಕ, ದುಡ್ಡು ನನ್ನದು, ಶ್ವಾಸಕೋಶವೂ ನನ್ನದು. ಸರಕಾರ ನನಗೆ ಅಪ್ಪನೂ ಅಲ್ಲ, ಗುರುವೂ ಅಲ್ಲ." ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೆಚ್ಚಿನವರು ಮೊದಲ ಸಿಗರೇಟು ಹಚ್ಚುವುದು ಯಾವ ವಯಸ್ಸಿನಲ್ಲಿ? ಕಾಲೇಜಿನ ದಿನಗಳಲ್ಲಿ, ಇಲ್ಲವೆ ಅದಕ್ಕೂ ಮೊದಲು. ಹದಿನೇಳರ ಹುಡುಗ ಮಾಡಿದ ಆಯ್ಕೆಗೆ ನಲವತ್ತರ ಗೃಹಸ್ಥ ನಿಕೊಟಿನ್ನಿನ ಬಡ್ಡಿ ಕಟ್ಟುತ್ತಿರುತ್ತಾನೆ. ಬಿಡಬೇಕೆಂದು ಎಷ್ಟೋ ಸಲ ನಿಶ್ಚಯಿಸಿ ಬಿಡಲಾಗದವನ ಕೈಯಲ್ಲಿರುವುದನ್ನು ಪೂರ್ಣ ಸ್ವಾತಂತ್ರ್ಯವೆನ್ನಲು ನನ್ನ ಮನಸ್ಸು ಒಪ್ಪದು. ಹಾಗೆಂದು ಪೂರ್ತಿ ನಿಷೇಧಿಸಿದರೆ? ಭೂತಾನವು 2004ರಲ್ಲಿ ಹೊಗೆಸೊಪ್ಪಿನ ಮಾರಾಟವನ್ನೇ ನಿಲ್ಲಿಸಿತು. ಕಳ್ಳಸಾಗಣೆ ನಿಲ್ಲಲಿಲ್ಲ, ಕೊನೆಗೆ 2020ರಲ್ಲಿ ಕೋವಿಡ್ ಕಾಲದಲ್ಲಿ ಮಾರಾಟಕ್ಕೆ ಮತ್ತೆ ಅನುಮತಿ ಕೊಡಬೇಕಾಯಿತು. ನಿಷೇಧಕ್ಕೂ ಸಡಿಲ ಬಿಡುವುದಕ್ಕೂ ನಡುವಿನ ದಾರಿ ತೆರಿಗೆ. ಅದು ಸೇದುವವನ ಕೈ ಕಟ್ಟುವುದಿಲ್ಲ. ಕೈ ಜೇಬಿಗೆ ಹೋದಾಗ ಒಂದು ಕ್ಷಣ ಯೋಚಿಸುವಂತೆ ಮಾಡುತ್ತದೆ.

ಆ ಒಂದು ಕ್ಷಣಕ್ಕೆ ಬೆಲೆಯಿದೆಯೆ? ಇದೆ ಎನ್ನುತ್ತವೆ ಅಂಕಿಅಂಶಗಳು. ನಮ್ಮಂಥ ದೇಶಗಳಲ್ಲಿ ಬೆಲೆ ನೂರಕ್ಕೆ ಹತ್ತರಷ್ಟು ಏರಿದರೆ ಸೇವನೆ ನೂರಕ್ಕೆ ಸುಮಾರು ಐದರಷ್ಟು ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸ್ಪ್ರಿಂಗಿಗೆ ತೂಕ ಹಾಕಿ ಅಳೆದದ್ದನ್ನು ಬಿ.ಎಸ್‌ಸಿ. ಓದಿದವರು ಮರೆತಿರಲಾರರು: ಎಳೆಯುವ ಬಲ ಒಂದೇ ಆದರೂ ಎಲ್ಲ ಸ್ಪ್ರಿಂಗೂ ಒಂದೇ ಸಮನೆ ಹಿಗ್ಗದು. ಇಲ್ಲಿಯೂ ಹಾಗೆ. ಇನ್ನೂ ಚಟ ಅಂಟದ ಹುಡುಗ ಬೆಲೆ ಕಂಡು ಹಿಂಜರಿಯುತ್ತಾನೆ. ಕಡಿಮೆ ಸಂಬಳದವನು ಕಡಿಮೆ ಮಾಡುತ್ತಾನೆ. ಹಳೆಯ ಚಟದ ಸ್ಥಿತಿವಂತನು ಗೊಣಗುತ್ತಲೇ ಹಣ ತೆಗೆದುಕೊಡುತ್ತಾನೆ.

ತೆರಿಗೆಯ ಬಲ ನಿಂತಲ್ಲೇ ನಿಲ್ಲುವುದೂ ಇಲ್ಲ. 1987ರಿಂದ ನಮ್ಮಲ್ಲಿ ಸಿಗರೇಟಿನ ಸುಂಕವನ್ನು ಉದ್ದದ ಮೇಲೆ, ಸಾವಿರಕ್ಕೆ ಇಷ್ಟು ರೂಪಾಯಿ ಎಂದು ಗೊತ್ತುಮಾಡುತ್ತ ಬಂದಿದ್ದಾರೆ. ರೂಪಾಯಿಯಲ್ಲಿ ಹೇಳಿದ ಸುಂಕ ಮಂಜುಗಡ್ಡೆಯ ಹಾಗೆ. ವರ್ಷ ಕಳೆದಂತೆ ಸಂಬಳ, ಕೂಲಿ, ಬೆಲೆಗಳು ಏರುತ್ತವೆ, ಸುಂಕ ತನ್ನಷ್ಟಕ್ಕೆ ಕರಗುತ್ತದೆ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಮೇಲೆ ಎಂಟು ವರ್ಷಗಳ ಕಾಲ ಸಿಗರೇಟಿನ ಒಟ್ಟು ತೆರಿಗೆ ಹೆಚ್ಚೇನೂ ಏರಲಿಲ್ಲ. 2020 ಮತ್ತು 2023ರ ಮುಂಗಡಪತ್ರಗಳಲ್ಲಿ ಅದರ ಒಂದು ಸಣ್ಣ ಭಾಗವನ್ನು ಹೆಚ್ಚಿಸಿದ್ದರು, ಅಷ್ಟೆ. ಈಗ ಒಮ್ಮೆಲೇ ಏರಿದ್ದು ದೊಡ್ಡದಾಗಿ ಕಾಣುತ್ತಿರುವುದಕ್ಕೆ ನಡುವೆ ಸುಮ್ಮನೆ ಕುಳಿತದ್ದೂ ಒಂದು ಕಾರಣ. ಇನ್ನು ಎಂಟು ವರ್ಷ ಹೀಗೆಯೇ ಬಿಟ್ಟರೆ ಇದೂ ಕರಗುವುದು.

ಇಷ್ಟರವರೆಗೆ ತೆರಿಗೆಯ ಪರವಾಗಿ ಹೇಳಿದೆ. ಆದರೆ ಬೆಲೆ ಏರಿದರೂ ಬಿಡದವನ ಮನೆಯ ಕಡೆ ಒಮ್ಮೆ ನೋಡೋಣ. ದಿನಕ್ಕೆ ಎಂಟು ಸಿಗರೇಟು ಸೇದುವವನಿಗೆ ಒಂದಕ್ಕೆ ಮೂರು ರೂಪಾಯಿ ಏರಿದರೆ ತಿಂಗಳಿಗೆ 720 ರೂಪಾಯಿ ಹೆಚ್ಚಾಯಿತು. ಈ ಹಣ ಎಲ್ಲಿಂದ ಬರುತ್ತದೆ? ಸಂಬಳ ಏರಲಿಲ್ಲ, ಚಟ ಇಳಿಯಲಿಲ್ಲ. ಹಾಲಿನ ಲೆಕ್ಕದಲ್ಲಿ, ಮಗುವಿನ ಟ್ಯೂಷನ್ನಿನಲ್ಲಿ, ಊರಿಗೆ ಅಮ್ಮನಿಗೆ ಕಳುಹಿಸುವ ಹಣದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಸೇದುವವನು ಗಂಡ, ತೆರಿಗೆ ಕಟ್ಟುವುದು ಅಡಿಗೆಮನೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ನಾವಿರುವ ಮಣಿಕೊಂಡದಲ್ಲಿಯೇ ಎರಡು ತರಹದ ಕನ್ನಡಿಗರನ್ನು ಕಾಣುತ್ತೇವೆ. ಗಚ್ಚಿಬೌಲಿಯ ಕಂಪನಿಗಳಲ್ಲಿ ದುಡಿದು ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವವರು ಒಂದು ಕಡೆ. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರು ಇನ್ನೊಂದು ಕಡೆ. ಒಂದೇ ಪಾನ್ ಡಬ್ಬಾದ ಮುಂದೆ ಇಬ್ಬರೂ ನಿಲ್ಲುತ್ತಾರೆ. ಮೊದಲನೆಯವರಿಗೆ ಸಿಗರೇಟಿನ ಬೆಲೆ ಏರಿದ್ದು ಮಾತಿನ ವಿಷಯ. ಎರಡನೆಯವರು ಬೀಡಿಯ ಕಟ್ಟಿನ ಕಡೆ ಕೈಚಾಚುತ್ತಾರೆ. ಏಕೆಂದರೆ ಸಿಗರೇಟಿಗೆ ತೆರಿಗೆ ಏರಿದ ಅದೇ ಫೆಬ್ರವರಿ 1ರಂದು ಬೀಡಿಯ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿದ ಬೆಲೆಯಲ್ಲಿ ಮೊದಲು ನೂರಕ್ಕೆ ಸುಮಾರು 22 ಪಾಲು ಜಿ.ಎಸ್.ಟಿ. ಇದ್ದದ್ದು ಈಗ ಸುಮಾರು 15 ಆಯಿತು. ಹೊಗೆಸೊಪ್ಪಿನ ಪದಾರ್ಥಗಳ ಚಿಲ್ಲರೆ ಬೆಲೆಯಲ್ಲಿ ಮುಕ್ಕಾಲು ಭಾಗವಾದರೂ ತೆರಿಗೆಯಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ!

ಬೀಡಿಗೆ ವಿನಾಯಿತಿ ಬಡವರ ಮೇಲಿನ ಕರುಣೆಯಿಂದ ಎನ್ನುತ್ತಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇಕಡಾ 4, ಬೀಡಿ ಸೇದುವವರು ಶೇಕಡಾ 7.7. ಬೀಡಿಯ ಹೊಗೆ ಸಿಗರೇಟಿನ ಹೊಗೆಗಿಂತ ಸೌಮ್ಯವೇನೂ ಅಲ್ಲ; ಎಲೆ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಸ್ಥಿತಿವಂತನ ಶ್ವಾಸಕೋಶವನ್ನು ಕಾಪಾಡಲು ಶೇಕಡಾ 40, ಕೂಲಿಯವನ ಶ್ವಾಸಕೋಶಕ್ಕೆ ಶೇಕಡಾ 18 ಎಂದರೆ ಇದು ಯಾವ ಬಗೆಯ ಕರುಣೆ? ಅಗ್ಗದ ರೋಗ ಬಡವನಿಗೆ ದುಬಾರಿ. ಕೆಮ್ಮು ಹಿಡಿದು ಹದಿನೈದು ದಿನ ಕೆಲಸಕ್ಕೆ ಹೋಗದಿದ್ದರೆ ಅವನಿಗೆ ರಜೆಯ ಸಂಬಳ ಕೊಡುವವರಿಲ್ಲ. 2017-18ರಲ್ಲಿ ಹೊಗೆಸೊಪ್ಪಿನ ರೋಗಗಳಿಂದ ದೇಶಕ್ಕೆ ಆದ ನಷ್ಟ ಸುಮಾರು 1 ಲಕ್ಷ 77 ಸಾವಿರ ಕೋಟಿ ರೂಪಾಯಿ ಎಂದು ಒಂದು ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ ಹೆಚ್ಚಿನ ಪಾಲು ಆಸ್ಪತ್ರೆಯ ಖರ್ಚಲ್ಲ, ಕಾಯಿಲೆಯಿಂದಲೂ ಅಕಾಲ ಮರಣದಿಂದಲೂ ನಿಂತುಹೋದ ದುಡಿಮೆ.

ಹಾಗಾದರೆ ಬೀಡಿಗೂ ಏರಿಸಿಬಿಡಿ ಎಂದು ಸುಲಭವಾಗಿ ಹೇಳಿಬಿಡಬಹುದೆ? ಬೀಡಿ ಸುತ್ತುವ ಕೈಗಳಿವೆಯಲ್ಲ! ತೆಲಂಗಾಣದ ನಿಜಾಮಾಬಾದು, ಕಾಮಾರೆಡ್ಡಿ, ಜಗಿತ್ಯಾಲ ಕಡೆ ಮನೆಮನೆಯಲ್ಲಿ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಾರೆ. ನಮ್ಮ ಮಂಗಳೂರು ಕಡೆಯೂ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು ಬೀಡಿಯಿಂದ ಬಂದಿದೆ. ಹುಣಸೂರು, ಪಿರಿಯಾಪಟ್ಟಣಗಳ ರೈತ ಸಿಗರೇಟಿನ ಹೊಗೆಸೊಪ್ಪನ್ನೇ ನಂಬಿ ಬ್ಯಾರನ್ನು ಕಟ್ಟಿಕೊಂಡಿದ್ದಾನೆ. ನಿಪ್ಪಾಣಿಯ ಬೆಳೆಗಾರರು 1981ರಲ್ಲಿ ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತಾಗ ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಪ್ರಾಣ ಬಿಟ್ಟರು. ಈ ಹೈದರಾಬಾದಿನ ಅಜಾಮಾಬಾದಿನಲ್ಲಿಯೇ ವಜೀರ್ ಸುಲ್ತಾನ್ ಕಾರ್ಖಾನೆ ಚಾರ್‌ಮಿನಾರಿನ ಚಿತ್ರವನ್ನು ಸಿಗರೇಟಿನ ಪ್ಯಾಕಿನ ಮೇಲೆ ದೇಶಕ್ಕೆಲ್ಲ ಕಳುಹಿಸಿ ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟಿತು. ಹೊಗೆಯನ್ನು ಬೈಯುವಾಗ ಇವರ ಅನ್ನವನ್ನು ಮರೆಯಬಾರದು.

ಇಲ್ಲಿ ಒಂದು ಹಳೆಯ ಕಾನೂನನ್ನು ನೆನೆಯಬೇಕು. 1976ರಲ್ಲಿ ಸಂಸತ್ತು ಬೀಡಿಯ ಮೇಲೆ ಒಂದು ಸಣ್ಣ ಸೆಸ್ ವಿಧಿಸಿ, ಆ ಹಣ ಬೀಡಿ ಕಾರ್ಮಿಕರ ಕಲ್ಯಾಣನಿಧಿಗೇ ಸೇರುವಂತೆ ಮಾಡಿತು. ಅವರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ, ಎಲ್ಲ ಅದರಿಂದ. ಎಲ್ಲಿಂದ ತೆಗೆದರೋ ಅಲ್ಲಿಗೆ ಹಿಂದಿರುಗಿಸುವ ತೆರಿಗೆ ಅದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅನೇಕ ಸೆಸ್‌ಗಳ ಜೊತೆ ಅದೂ ರದ್ದಾಯಿತು. ಕಲ್ಯಾಣದ ಯೋಜನೆಗಳು ಸಾಮಾನ್ಯ ಆಯವ್ಯಯದ ಹಣದಿಂದ ಮುಂದುವರಿದವು, ನಿಜ. ಆದರೆ ಬೀಡಿಗೂ ಬೀಡಿ ಸುತ್ತುವವಳಿಗೂ ತೆರಿಗೆಯ ಮೂಲಕ ಕಟ್ಟಿದ್ದ ಗಂಟು ಬಿಚ್ಚಿಹೋಯಿತು. ಕಲ್ಯಾಣವು ಹಕ್ಕಾಗಿದ್ದದ್ದು ಕೃಪೆಯಾಯಿತು. ತೆಲಂಗಾಣ ಸರಕಾರ ಆಸರಾ ಯೋಜನೆಯಲ್ಲಿ ಬೀಡಿ ಕಾರ್ಮಿಕರಿಗೂ ಮಾಸಾಶನ ಕೊಟ್ಟದ್ದು ಮೆಚ್ಚತಕ್ಕ ಕೆಲಸ. 2019ರಲ್ಲಿ ಅದನ್ನು 2,016 ರೂಪಾಯಿಗೆ ಏರಿಸಿದರು. ಆದರೆ ಅದು ರಾಜ್ಯದ ಹಣ. ಸುಂಕ ಎತ್ತುವ ಕೈ ಬೇರೆ, ಕಣ್ಣೀರು ಒರೆಸುವ ಕೈ ಬೇರೆ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. 1966ರ ಬೀಡಿ ಕಾರ್ಮಿಕರ ಕಾನೂನು ಜಾರಿಗೆ ಬರುವ ಹೊತ್ತಿಗೆ ಮಂಗಳೂರಿನ ದೊಡ್ಡ ಬೀಡಿ ಮಾಲೀಕರು ಕಣ್ಣೂರು ಕಡೆಯ ತಮ್ಮ ಕೆಲಸವನ್ನು ನಿಲ್ಲಿಸಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಮುಂದೆ ಬೀಡಿಯ ಬೇಡಿಕೆಯೇ ಇಳಿದಾಗ ಆ ಸಂಘ ಕೈಕಟ್ಟಿ ಕೂರಲಿಲ್ಲ. ತಿನಿಸಿನ ಪದಾರ್ಥ, ಕೊಡೆ, ಉಡುಪುಗಳ ತಯಾರಿಕೆಗೆ ಕೈಹಾಕಿತು. ಫಿಲಿಪೈನ್ಸ್ ದೇಶವು 2012ರಲ್ಲಿ ಸಿಗರೇಟು, ಮದ್ಯಗಳ ತೆರಿಗೆಯನ್ನು ಬಹಳವಾಗಿ ಏರಿಸಿದಾಗ ಹೆಚ್ಚುವರಿ ಆದಾಯದ ಬಹುಪಾಲನ್ನು ಬಡವರ ಆರೋಗ್ಯಕ್ಕೂ ಒಂದು ಪಾಲನ್ನು ಹೊಗೆಸೊಪ್ಪು ಬೆಳೆಯುವ ಪ್ರಾಂತಗಳಿಗೂ ಕಾನೂನಿನಲ್ಲಿಯೇ ಮೀಸಲಿಟ್ಟಿತು. ಮನಸ್ಸಿದ್ದರೆ ಮಾರ್ಗವಿದೆ.

ನಮ್ಮಲ್ಲಿ ಮನಸ್ಸು ಒಂದೇ ಇದೆಯೆ ಎಂಬುದೇ ಸಂಶಯ. ಒಂದು ಸಚಿವಾಲಯ ಪ್ಯಾಕಿನ ನೂರರಲ್ಲಿ 85 ಭಾಗದ ಮೇಲೆ ಭಯಂಕರ ಚಿತ್ರ ಅಚ್ಚುಹಾಕಿಸುತ್ತದೆ. ಇನ್ನೊಂದು ಸಚಿವಾಲಯದ ಕೆಳಗೆ 1976ರಿಂದ ಗುಂಟೂರಿನಲ್ಲಿ ತಂಬಾಕು ಮಂಡಳಿ ನಡೆಯುತ್ತಿದೆ. ಬೆಳೆಯ ಹರಾಜು, ರಫ್ತು ಅದರ ಕೆಲಸ. ಮೂರನೆಯದು ಸುಂಕ ಎಣಿಸುತ್ತದೆ. ದೇಶದ ಅತಿದೊಡ್ಡ ಸಿಗರೇಟು ಕಂಪನಿಯಲ್ಲಿ ದೊಡ್ಡ ಪಾಲುದಾರ ಯಾರು ಗೊತ್ತೆ? ಜೀವ ವಿಮಾ ನಿಗಮ! ಜೀವಕ್ಕೆ ವಿಮೆ ಮಾಡುವ ಕೈಯೇ ಜೀವ ತೆಗೆಯುವ ಸರಕಿನಿಂದ ಲಾಭಾಂಶ ಪಡೆಯುತ್ತದೆ. ಆ ನಿಗಮದಲ್ಲಿ ನಿಮ್ಮದೂ ಪಾಲಿಸಿ ಇದೆ, ನನ್ನದೂ ಇದೆ. ನಾನು ಕೇಂದ್ರ ಸರಕಾರದ ಗುಮಾಸ್ತ. ನನ್ನ ತಿಂಗಳ ಸಂಬಳದಲ್ಲಿಯೂ ಈ ಹೊಗೆಯ ಹಣದ ಕೆಲವು ರೂಪಾಯಿಗಳು ಇದ್ದೇ ಇರುತ್ತವೆ. ಆದ್ದರಿಂದ ಸೇದುವವನಿಗೆ ಮಾತ್ರ ಬುದ್ಧಿ ಹೇಳಿ ಕೈತೊಳೆದುಕೊಳ್ಳುವ ಅಧಿಕಾರ ನಮಗಾರಿಗೂ ಇಲ್ಲ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಮನೆಯಲ್ಲಿ ನಾವೆಲ್ಲರೂ ಒಕ್ಕಲು.

ಹಾಗಾದರೆ ಈ ತೆರಿಗೆ ಧರ್ಮವಾಗುವುದು ಯಾವಾಗ? ನನಗೆ ತೋರುವುದು ಇಷ್ಟು. ಉಳಿದೆಲ್ಲ ತೆರಿಗೆಗಳಲ್ಲಿ ಸರಕಾರವು ಆದಾಯ ಬೆಳೆಯಲಿ ಎಂದು ಆಶಿಸಬಹುದು. ಈ ಒಂದು ತೆರಿಗೆಯಲ್ಲಿ ಮಾತ್ರ, ಆದಾಯ ವರ್ಷದಿಂದ ವರ್ಷಕ್ಕೆ ಇಳಿಯಲಿ ಎಂದು ಅದು ಮನಸಾರೆ ಆಶಿಸಬೇಕು. ಒಳ್ಳೆಯ ವೈದ್ಯ ತನ್ನ ರೋಗಿ ಮತ್ತೆ ಬಾರದಿರಲಿ ಎಂದು ಬಯಸುವ ಹಾಗೆ. ಸಿಗರೇಟಿನ ಸುಂಕ ಇಷ್ಟು ಕೋಟಿ ಹೆಚ್ಚಿತು ಎಂದು ಹಿಗ್ಗುವ ಸರಕಾರ ರೋಗಿಗಳ ಸಂಖ್ಯೆ ನೋಡಿ ಹಿಗ್ಗುವ ವೈದ್ಯನಂತೆ. ಆ ಆಶೆ ಪ್ರಾಮಾಣಿಕವೆ ಎಂದು ತಿಳಿಯಲು ಮೂರು ಗುರುತುಗಳಿವೆ: ಬೀಡಿಗೂ ಸಿಗರೇಟಿಗೂ ಒಂದೇ ನ್ಯಾಯವಿದೆಯೆ? ಬಂದ ಹಣದಲ್ಲಿ ಒಂದು ಗೊತ್ತಾದ ಪಾಲು ಬಿಡಲು ಹೆಣಗುವವನಿಗೂ, ಸುತ್ತುವವಳಿಗೂ, ಬೆಳೆಯುವವನಿಗೂ ಹೋಗುತ್ತದೆಯೆ? ಕೂಲಿ ಏರಿದಂತೆ ಸುಂಕವೂ ವರ್ಷವರ್ಷ ಏರುತ್ತದೆಯೆ? ಮೂರಕ್ಕೂ ಹೌದು ಎನ್ನುವಂತಾದರೆ ಈ ಸುಂಕ ರಕ್ಷೆ. ಇಲ್ಲವಾದರೆ ಚಟದವನ ದೌರ್ಬಲ್ಯದ ಮೇಲೆ ಹಾಕಿದ ದಂಡ. ಇಂದಿನ ಸ್ಥಿತಿಯಲ್ಲಿ ಅದು ಅರ್ಧ ರಕ್ಷೆ, ಅರ್ಧ ದಂಡ ಎಂದು ಹೇಳದೆ ಗತ್ಯಂತರವಿಲ್ಲ. ಅದಕ್ಕಾಗಿ ತೆರಿಗೆಯನ್ನು ಇಳಿಸಬೇಕಾಗಿಲ್ಲ, ಉಳಿದರ್ಧವನ್ನು ಪೂರೈಸಬೇಕು.

ಸರಕಾರ ಪೂರೈಸುವವರೆಗೆ ನಾವು ಕಾಯಬೇಕೆ? ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಗಂಡಸರ ಚಟ ಒಂಟಿತನದಲ್ಲಿ ಹುಟ್ಟಿದ್ದು. ಬ್ಯಾಚುಲರ್ ರೂಮಿನಲ್ಲಿ, ರಾತ್ರಿ ಪಾಳಿಯಲ್ಲಿ, ಗೊತ್ತಿಲ್ಲದ ಭಾಷೆಯ ನಡುವೆ. ಬಿಡುವುದಕ್ಕೆ ಬೆಲೆಯೊಂದೇ ಸಾಲದು, ಜೊತೆಯೂ ಬೇಕು. ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಯನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ. ನಮ್ಮ ಸಂಘದ ವೈದ್ಯ ಸದಸ್ಯರು ತಿಂಗಳಿಗೊಂದು ಭಾನುವಾರ, ಅಪಾರ್ಟ್‌ಮೆಂಟಿನವರಿಗೂ ಶೆಡ್ಡಿನವರಿಗೂ ಸೇರಿಸಿ, ಇದಕ್ಕಾಗಿ ಒಂದು ಗಂಟೆ ಕೊಟ್ಟರೆ ಅದು ರಾಜ್ಯೋತ್ಸವದ ಮೆರವಣಿಗೆಗಿಂತ ಕಡಿಮೆ ಕನ್ನಡಸೇವೆಯಾಗದು. ಮನೆಯವರಿಗೆ ನನ್ನ ವಿನಂತಿ ಒಂದೇ: ಬೆಲೆ ಏರಿದ ದಿನ ಜಗಳ ತೆಗೆಯಬೇಡಿ. ಹೆಚ್ಚಾದ ಆ 720 ರೂಪಾಯಿ ಎಲ್ಲಿಂದ ಹೋಗುತ್ತಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಇಬ್ಬರೂ ಕುಳಿತು ನೋಡಿ. ಸುಂಕದವನಿಗೆ ಹೇಳಿಕೊಳ್ಳಲಾಗದ ಸುಖದುಃಖವನ್ನು ಮನೆಯವರಾದರೂ ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದಲ್ಲ?